ಕಣ್ಣುರಿ ಐತೇನ್ರಿ?

ದಾವಣಗೆರೆಯ ಕಣ್ಣಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನಾನು ಹಳಬಳು. ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಆ ಹುಡುಗಿ ಸೇರಿ ಮೂರು ತಿಂಗಳೂ ಆಗಿರಲಿಲ್ಲ. ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಸುತ್ತಿಬಳಸಿ ಹೇಳುವುದೇನು, ಉರಿಯುತ್ತಿತ್ತು.

ಕೆಲಸ ಇಷ್ಟೇ. ನೋವು ಗೊತ್ತಾಗದಂತೆ ಹನಿ ಹಾಕಿ, ಕಣ್ಣಿನ ಬಿಳಿ ಭಾಗಕ್ಕೆ ಉಗುರಗಲದ ಫಿಲ್ಟರ್ ಕಾಗದ ಒತ್ತಿ, ಮೆಲ್ಲಗೆ ಎತ್ತಬೇಕು. ಮೇಲ್ಪದರದ ಜೀವಕೋಶಗಳು ಕಾಗದಕ್ಕೆ ಅಂಟಿ ಬರುತ್ತವೆ. ಬಣ್ಣ ಹಾಕಿ ಮೈಕ್ರೋಸ್ಕೋಪಿನಡಿ ಇಟ್ಟರೆ ಹಾಸುಗಲ್ಲಿನಂತೆ ಒತ್ತಾಗಿ ಕೂತ ಕೋಶಗಳು, ನಡುನಡುವೆ ಉಬ್ಬಿದ ಗುಲಾಬಿ ಕೋಶಗಳು. ಕಣ್ಣೀರನ್ನು ಕಣ್ಣಿನ ಮೇಲೆ ಹಿಡಿದಿಡುವ ಲೋಳೆ ಕೊಡುವವು ಈ ಗುಲಾಬಿಯವೇ. ಅವು ಕಡಿಮೆಯಾದರೆ ಕಣ್ಣು ಒಣಗುತ್ತದೆ, ಉರಿಯುತ್ತದೆ.

ನನ್ನ ಕಾಗದದಲ್ಲಿ ಅರ್ಧ ಜಾಗ ಖಾಲಿ. ಅವಳದರಲ್ಲಿ ಕೋಶಗಳು ಇಡಿಕಿರಿದಿರುತ್ತಿದ್ದವು. ಮದುವೆ ಮನೆಗಳಲ್ಲಿ ಮೆಹಂದಿ ಹಾಕಿ ಪಳಗಿದ ಕೈಯಂತೆ ಅವಳದು. ವಿದ್ಯಾರ್ಥಿಗಳಿಗೆ ತೋರಿಸಲು ಡಾಕ್ಟರು ಸ್ಲೈಡುಗಳ ಹೊಸ ಪೆಟ್ಟಿಗೆ ಮಾಡುತ್ತಿದ್ದರು. ಅದರಲ್ಲಿ ನನ್ನದೊಂದಾದರೂ ಇರಬೇಕೆಂದು ಒದ್ದಾಡುತ್ತಿದ್ದೆ. ಅವರು ಆರಿಸಿದ್ದೆಲ್ಲ ಅವಳವೇ.

ಹೋಲಿಸಿ ನೋಡಲು ಒಳ್ಳೆಯ ಕಣ್ಣುಗಳೂ ಬೇಕೆಂದು ಒಂದು ದಿನ ಸಿಬ್ಬಂದಿಯನ್ನೇ ಕೂರಿಸಿದರು. ಅವಳು ಫಾರಂ ಹಿಡಿದು ನನ್ನೆದುರು ಕೂತಳು.

"ಅಕ್ಕಾ, ಕಣ್ಣುರಿ ಐತೇನ್ರಿ?"

ಎಲ್ಲರೂ ಇದ್ದರು. ನನ್ನ ಮೈಯೆಲ್ಲ ಹತ್ತಿಕೊಂಡಿತು.

"ನಿನ್ನ ಕಂಡು ನನಗ್ಯಾಕ ಕಣ್ಣುರಿ? ನೆಟ್ಟಗ ಮಾತಾಡು!"

ಅವಳ ಮುಖ ಇಳಿಯಿತು. ಫಾರಂ ನನ್ನ ಕಡೆ ತಿರುಗಿಸಿದಳು. "ಎರಡನೇ ಪ್ರಶ್ನೆರೀ ಅಕ್ಕಾ. ಎಲ್ಲರಿಗೂ ಕೇಳ್ತೀನ್ರಿ."

ಆ ಫಾರಮನ್ನು ಕನ್ನಡದಲ್ಲಿ ಬರೆದುಕೊಟ್ಟವಳೇ ನಾನು. ಯಾರೋ ಕಿಸಕ್ಕನೆ ನಕ್ಕರು. "ಇಲ್ಲ ಅಂತ ಬರ್ಕೋ" ಎಂದೆ. ಬರೆದುಕೊಂಡಳು. ಅವಳು ಕಾಗದ ಒತ್ತಿದ್ದು, ಎತ್ತಿದ್ದು ನನಗೆ ಗೊತ್ತೇ ಆಗಲಿಲ್ಲ.

ಬಣ್ಣ ಹಾಕಿ ನಾನೇ ನೋಡಿದೆ. ಕಾಗದದ ತುಂಬ ಕೋಶಗಳು, ಒಂದೂ ಹರಿದಿಲ್ಲ. ಗುಲಾಬಿಯವು ಮಾತ್ರ ಅಲ್ಲೊಂದು ಇಲ್ಲೊಂದು. ಸಂಜೆಯಾದರೆ ಕಣ್ಣು ಚುರುಗುಟ್ಟುವುದಕ್ಕೆ ನಾನು ವರ್ಷಗಳಿಂದ ಲ್ಯಾಬಿನ ಸ್ಪಿರಿಟ್ಟನ್ನು ಬೈಯುತ್ತಿದ್ದೆ.

ಡಾಕ್ಟರು ಬಗ್ಗಿ ನೋಡಿದರು. "ಒಣಗಿದ ಕಣ್ಣಿಗೆ ಇದಕ್ಕಿಂತ ಒಳ್ಳೆ ಸ್ಲೈಡ್ ಸಿಗಲ್ಲ. ಪೆಟ್ಟಿಗ್ಯಾಗ ಇಡ್ರಿ."

ಅಂತೂ ನನ್ನದೂ ಪೆಟ್ಟಿಗೆ ಸೇರಿತು, ಅದೂ ಅವಳ ಕೈಯಿಂದ.

ಅವಳ ಕೈಯಿಂದ ನನ್ನ ಫಾರಂ ಇಸಿದುಕೊಂಡು ಎರಡನೇ ಪ್ರಶ್ನೆಯ ಮುಂದಿನ 'ಇಲ್ಲ' ಹೊಡೆದುಹಾಕಿ, 'ಐತೆ' ಎಂದು ಬರೆದೆ. ಅವಳು ತಲೆ ಎತ್ತದೆ ಮೂರನೆಯದನ್ನು ಓದಿದಳು.

"ಎಷ್ಟು ದಿನದಿಂದರೀ ಅಕ್ಕಾ?"

"ನೀನು ಬಂದಾಗಿಂದ" ಎಂದೆ.