ಕಲ್ಲಕ್ಕ ಎಣಿಸಿದ ಉಂಗುರಗಳು

ಲ್ಯಾಬಿನವರು ಅವಳಿಗೆ ಇಟ್ಟ ಹೆಸರು ಕಲ್ಲಕ್ಕ. ಬಂದರಿನ ಹಿಂದಿನ ಮೀನು ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷದಿಂದ ಮೀನುಗಳ ವಯಸ್ಸು ಹೇಳುತ್ತಾ ಬಂದವಳು. ಮೀನಿನ ತಲೆ ಸೀಳಿ, ಕಿವಿಯೊಳಗೆ ಬೆಳೆಯುವ ಪುಟ್ಟ ಕಿವಿಗಲ್ಲನ್ನು ಚಿಮಟದಿಂದ ಎತ್ತಿ, ಎಣ್ಣೆಯಲ್ಲಿಟ್ಟು ಮೈಕ್ರೋಸ್ಕೋಪಿನಡಿ ಉಂಗುರ ಎಣಿಸಬೇಕು. ವರ್ಷಕ್ಕೊಂದು ಉಂಗುರ. ತನ್ನ ವಯಸ್ಸು ಕೇಳಿದರೆ ಮಾತ್ರ ಮಾತು ಹಾರಿಸುತ್ತಿದ್ದಳು.

ಅವಳ ಪಾಲಿಗೆ ಬಂದದ್ದು ಆಳದ ಕೆಂಪು ಮೀನು. ಸಾವಿರ ಮೀಟರ್ ಕೆಳಗೆ, ಸಮುದ್ರದೊಳಗಿನ ಬೆಟ್ಟಗಳ ಇಳಿಜಾರಿನಲ್ಲಿ, ಬಿಸಿಲು ಮುಟ್ಟದ ಚಳಿಯಲ್ಲಿ ಅದರ ವಾಸ. ಅವಸರವೆಂದರೇನೆಂದೇ ಗೊತ್ತಿಲ್ಲದ ಪ್ರಾಣಿ. ಮೊಟ್ಟೆಯಿಡುವಾಗ ಮಾತ್ರ ಒಂದೇ ಬೆಟ್ಟದ ತಲೆಯ ಮೇಲೆ ಗುಂಪುಗೂಡುತ್ತದೆ, ದೋಣಿಯವರಿಗೂ ಅಷ್ಟೇ ಬೇಕು.

ಕೆಲಸ ಕಲಿಸಿದ ಹಿರಿಯರು, "ಕಲ್ಲಿನ ಅಂಚಲ್ಲಿ ಮಸುಕಾಗಿರುತ್ತಲ್ಲ, ಅದು ಬರೀ ಕೊಳೆ, ಎಣಿಸ್ಬೇಡ" ಎಂದಿದ್ದರು. ಹಿರಿಯರ ಮಾತು ಮೀರುವ ಜಾಯಮಾನ ಅವಳದಲ್ಲ. ಎಂಥ ಮುದಿ ಮೀನಿಗೂ ಮೂವತ್ತು ವರ್ಷವೆಂದೇ ಬರೆದಳು. ದೋಣಿಗಳು ಎಷ್ಟು ಹಿಡಿಯಬಹುದೆಂಬುದು ಆ ಅಂಕಿಯ ಮೇಲೆಯೇ ತೀರ್ಮಾನವಾಗುತ್ತಿತ್ತು; ಮೀನು ಬೇಗ ಬೆಳೆದು ಮರಿ ಹಾಕುವುದಾದರೆ ಹೆಚ್ಚು ಹಿಡಿದರೂ ನಡೆಯುತ್ತದೆ. ಅಂಥದೊಂದು ದೋಣಿಯಲ್ಲಿ ಬಲೆ ಎಳೆಯುವ ಯಂತ್ರ ನಡೆಸುವವನು ಅವಳ ತಮ್ಮ. ಇಬ್ಬರೂ ಒಂದೇ ಮನೆಯಲ್ಲಿದ್ದರು.

ಒಂದು ಸೋಮವಾರ ಕಲ್ಲೊಂದು ಕೈಜಾರಿ ಬಿದ್ದು ಎರಡು ಹೋಳಾಯಿತು. ಎಸೆಯುವ ಮುಂಚೆ ಒಡೆದ ಮಗ್ಗುಲನ್ನು ಸುಮ್ಮನೆ ನೋಡಿದಳು. ಕೊಳೆ ಎಂದುಕೊಂಡ ಜಾಗದಲ್ಲಿ ಹಳೆಯ ಪುಸ್ತಕದ ಹಾಳೆಗಳ ಹಾಗೆ ಉಂಗುರಗಳು ಒತ್ತೊತ್ತಾಗಿ ಕೂತಿದ್ದವು. ಮೂರು ಸಲ ಎಣಿಸಿದಳು. ಮೂರು ಸಲವೂ ನೂರ ಹನ್ನೆರಡು. ಆಮೇಲೆ ಬೇಕೆಂದೇ ಇಪ್ಪತ್ತು ಕಲ್ಲು ಮುರಿದಳು. ಒಂದೂ ಅವಳ ಮಾನ ಉಳಿಸಲಿಲ್ಲ. ಐದಾರು ವರ್ಷಕ್ಕೇ ಮೊಟ್ಟೆಯಿಡುತ್ತದೆಂದು ಅವಳು ಬರೆದಿದ್ದ ಮೀನಿಗೆ ಮೊದಲ ಮೊಟ್ಟೆಯ ಹೊತ್ತಿಗೆ ಮೂವತ್ತು ತುಂಬಿರುತ್ತಿತ್ತು.

ಮೇಲಧಿಕಾರಿ ಬಾಗಿಲು ಮುಚ್ಚಿ, "ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ಮುಂದೆ ಬರೋರು ಕಂಡುಹಿಡೀಲಿ ಬಿಡಿ. ನಿಮ್ಮ ತಮ್ಮನ ಹೊಟ್ಟೆಪಾಡೂ ಅದೇ ಮೀನಲ್ವಾ?" ಎಂದರು. ಅವಳು ತನ್ನ ಮೇಜಿಗೆ ಹಿಂತಿರುಗಿದಳು. ತನ್ನ ಇಪ್ಪತ್ತಾರು ವರ್ಷದ ಅಂಕಿಗಳೆಲ್ಲ ತಪ್ಪೆಂದು ಬರೆದು ಸಹಿ ಹಾಕಿದಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹದಿನೈದು ದಿನದಲ್ಲಿ ಆ ಮೀನುಗಾರಿಕೆಯನ್ನೇ ನಿಲ್ಲಿಸಿದರು.

ಆದೇಶ ಬಂದ ದಿನ ಮಧ್ಯಾಹ್ನ ತಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ.

"ನೀನೇನಾ ಅಕ್ಕ ಬರ್ದಿದ್ದು?"

"ಹೂಂ, ನಾನೇ."

"ಮತ್ತೆ ಹಿಡಿಯೋಕೆ ಯಾವಾಗ ಬಿಡ್ತಾರೆ?"

"ಈಗ ಹುಟ್ಟಿರೋ ಮರಿ ಮೊಟ್ಟೆ ಇಡ್ಬೇಕಲ್ಲ. ಮೂವತ್ತು ವರ್ಷ."

ಅವನಿಗೆ ಐವತ್ತೆರಡು. ಮನಸ್ಸಿನಲ್ಲೇ ಕೂಡಿಸಿದ್ದು ಮುಖದಲ್ಲಿ ಕಂಡಿತು. ಬೈಯುತ್ತಾನೆಂದು ಅವಳು ಕಾದಳು.

"ಹೋದ ತಿಂಗಳು ಒಂದೇ ಬಲೆಗೆ ನಲವತ್ತು ಟನ್ ಬಿತ್ತು ಅಂದಿದ್ನಲ್ಲ," ಎಂದ. "ಅವೆಲ್ಲ ನಮ್ಮಜ್ಜನ ಕಾಲದ್ವಾ?"

"ಅಜ್ಜ ಹುಟ್ಟೋಕೆ ಮುಂಚಿನವೂ ಇದ್ವು."

ತಮ್ಮ ಕುರ್ಚಿ ಎಳೆದು ಕೂತ. ಆ ಬಲೆ ಮೇಲೆತ್ತಿದ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ನೋಡತೊಡಗಿದ. ಕೆಲಸ ಹೋಯಿತೆಂದು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.