ನಾಲ್ಕನೇ ತಟ್ಟೆ

ದೊಡ್ಡಮ್ಮಣ್ಣಿ, ಚಿಕ್ಕಮ್ಮಣ್ಣಿ, ನೀವು ಎಷ್ಟೇ ದೊಡ್ಡವರಾದರೂ ಈ ಅಜ್ಜಿಯ ಬಾಯಿಗೆ ಬರುವುದು ಇವೇ ಹೆಸರುಗಳು. ನಿಮ್ಮೆದುರು ಕೂತು ಹೇಳಬೇಕೆಂದುಕೊಂಡು, ಪ್ರತಿ ಸಲವೂ ನಾಚಿಕೆಯಾಗಿ ಸುಮ್ಮನಾದ ಒಂದು ವಿಷಯವಿದೆ. ಊರ ಶಾಲೆಯಲ್ಲಿ ಕಲಿತ ಅಕ್ಷರ ಇಷ್ಟಕ್ಕಾದರೂ ಸಾಕು ಎಂದು ಬರೆಯುತ್ತಿದ್ದೇನೆ.

ಆಗ ದೊಡ್ಡವಳು ಮೂರನೇ ಕ್ಲಾಸು, ಚಿಕ್ಕವಳು ಎಲ್‌ಕೆಜಿ. ಮದ್ರಾಸಿನಲ್ಲಿದ್ದ ನೀವು ನಮ್ಮ ಕಮ್ಮನಹಳ್ಳಿ ಮನೆಗೆ ಬರುತ್ತಿದ್ದುದು ಮದುವೆಗೋ ತಿಥಿಗೋ ಮಾತ್ರ. ಬೆಳಿಗ್ಗೆ ಬಂದರೆ ಸಂಜೆಗೆ ಹೊರಟುಬಿಡುತ್ತಿದ್ದಿರಿ. ಆ ದಸರಾ ರಜೆಯಲ್ಲಿ ನಿಮ್ಮಮ್ಮನಿಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಹಾಗಾಗಿ ಮೊದಲ ಸಲ ನಿಮ್ಮಿಬ್ಬರನ್ನೇ ಒಂದು ವಾರ ನಮ್ಮ ಹತ್ತಿರ ಬಿಡಲು ಒಪ್ಪಿದಳು. ನಿಮ್ಮಪ್ಪ ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಆಟೋದಲ್ಲಿ ನಿಮ್ಮನ್ನು ಕರೆತಂದರು. ಬೆನ್ಸನ್ ಟೌನಿನಲ್ಲಿದ್ದ ಅವರಣ್ಣನ ಮನೆಯಲ್ಲಿ ಎರಡು ದಿನ ಇದ್ದು ಮದ್ರಾಸಿಗೆ ಹಿಂತಿರುಗುವವರಿದ್ದರು.

"ಚಿಕ್ಕವಳು ಊಟಕ್ಕೆ ಸ್ವಲ್ಪ ಹಟ ಮಾಡ್ತಾಳೆ ಅತ್ತೆ. ತಿನ್ಲಿಲ್ಲ ಅಂದ್ರೆ ಹೇಳ್ಬಿಡಿ, ಹೋಗೋವಾಗ ಇಬ್ರನ್ನೂ ಕರ್ಕೊಂಡ್ಹೋಗ್ತೀನಿ," ಎಂದರು.

ನಾನು ತಲೆಯಾಡಿಸಿದೆ. ಈ ಸಲ ಅರ್ಧಕ್ಕೇ ಹೊರಟರೆ ಮತ್ತೆ ನಿಮ್ಮನ್ನು ಕಳಿಸುವುದಿಲ್ಲ ಎಂಬ ಹೆದರಿಕೆ ನನಗೆ ಆಗಲೇ ಹತ್ತಿಕೊಂಡಿತು.

ಅದೇ ಸಂಜೆ ಮಳೆ ಹಿಡಿಯಿತು. ಗಾಳಿಗೆ ರಸ್ತೆಯ ಮರ ಬಿದ್ದು ಕರೆಂಟು ಹೋಯಿತು. ನಡುಮನೆಯ ಹಳೇ ಹೆಂಚು ಕಂಡಕಂಡಲ್ಲಿ ಸೋರಿತು. ಸಿಮೆಂಟಿನ ಮೋಲ್ಡ್ ಹಾಕಿಸಿದ್ದು ಅಡುಗೆಮನೆಗೆ ಮಾತ್ರ, ಆದ್ದರಿಂದ ಚಾಪೆ ದಿಂಬು ಸಮೇತ ಎಲ್ಲರೂ ಅಲ್ಲಿಗೇ ಬಂದೆವು. ಸೋರುವ ಕಡೆ ಇಟ್ಟ ಪಾತ್ರೆ ತುಂಬಿದ ಕೂಡಲೇ ಕೂಗುವ ಕೆಲಸವನ್ನು ನಿಮ್ಮ ತಾತ ದೊಡ್ಡವಳಿಗೆ ಕೊಟ್ಟರು. ತುಂಬದಿದ್ದರೂ ಕೂಗುತ್ತಿದ್ದೆ ನೀನು.

"ಈ ಮಳೇಲಿ ತರಕಾರಿ ಗಾಡಿ ಬರಲ್ಲ ಕಣೆ. ಇರೋದ್ರಲ್ಲೇ ಸುಧಾರಿಸ್ಬೇಕು," ಎಂದು ತಾತ ನನಗೆ ಹೇಳಿದ್ದು ಆಗಲೇ.

ಆ ಹೊತ್ತಿನಿಂದ ಚಿಕ್ಕವಳು ಎರಡು ತುತ್ತು ತಿಂದು ತಟ್ಟೆ ತಳ್ಳತೊಡಗಿದಳು. ತಾತ ಮಳೆಯಲ್ಲೇ ಕಾಕ್ಸ್ ಟೌನಿನ ಬೇಕರಿಗೆ ಹೋಗಿ, ಬನ್ನನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ತಂದರು. ಅವಳು ಒಂದು ಚೂರು ಮುರಿದುಕೊಂಡು ಮಿಕ್ಕಿದ್ದನ್ನು ಡಬ್ಬಿಗೆ ಹಾಕಿಟ್ಟಳು. ಮಗುವಿನ ಮುಖ ಸಣ್ಣಗಾಗಿತ್ತು.

ನಿಮ್ಮಪ್ಪ ಬರುವ ದಿನದ ಮಧ್ಯಾಹ್ನ. ಮೋಡಕ್ಕೆ ಎಷ್ಟು ಕತ್ತಲೆಂದರೆ ದೀಪ ಹಚ್ಚಿದ್ದೆ. ಮುದ್ದೆ, ಹುರುಳಿ ಸಾರು, ಅನ್ನ. ಚಿಕ್ಕವಳು ಮತ್ತೆ ತಟ್ಟೆ ತಳ್ಳಿದಳು.

"ಖಾರ ಆಯ್ತಾ ಅಮ್ಮಣ್ಣಿ?"

"ಇಲ್ಲ."

"ಹೊಟ್ಟೆ ನೋಯ್ತೈತಾ?"

"ಇಲ್ಲ."

"ಮುದ್ದೆ ತಿಂದ್ರೆ ನನ್ನಂಗೆ ಮೀಸೆ ಬರ್ತದೆ ಅಂತ ಹೆದ್ರಿಕೊಂಡವ್ಳೆ," ಎಂದರು ತಾತ. ಅವಳು ನಗಲಿಲ್ಲ.

ಆಗ ದೊಡ್ಡವಳು ಬಾಯಿ ಬಿಟ್ಟಳು. "ತಾತ, ಅವಳು ಅಜ್ಜಿಗೆ ಅಂತ ಬಿಡ್ತಿದ್ದಾಳೆ. ಅಜ್ಜಿ ಊಟಾನೇ ಮಾಡಲ್ವಲ್ಲ? ನಾವೇ ತಿಂದ್ಬಿಟ್ರೆ ಅಜ್ಜಿಗೆ ಇರಲ್ವಂತೆ. ನನಗೂ ಕಮ್ಮಿ ತಿನ್ನು ಅಂದ್ಲು. ನನಗೆ ಹಸಿವು, ತಿಂದ್ಬಿಟ್ಟೆ."

ನಾನು ಸೌಟು ಕೆಳಗಿಟ್ಟೆ. ನಮ್ಮ ಕಡೆ ಗಂಡಸರು ಮಕ್ಕಳು ಉಂಡೆದ್ದ ಮೇಲೆ ಹೆಂಗಸರ ಊಟ. ನನ್ನ ಅತ್ತೆ ಹಾಗೇ ಮಾಡುತ್ತಿದ್ದರು, ಅವರು ಹೋದ ಮೇಲೆ ನಾನೂ ಹಾಗೇ ನಡೆದುಕೊಂಡೆ. ಗಂಡನೆದುರು ಅಗಿಯುವುದೆಂದರೇ ನನಗೆ ಸಂಕೋಚ. ಅಡುಗೆಮನೆಯಲ್ಲಿ ಎಲ್ಲರೂ ಇದ್ದುದರಿಂದ ಆ ಮಳೆಯಲ್ಲಿ ಹಿತ್ತಿಲ ಬಚ್ಚಲ ಸೂರಿನ ಕೆಳಗೆ ಕೂತು ಉಣ್ಣುತ್ತಿದ್ದೆ. ನಾನು ಒಂದು ತುತ್ತು ಬಾಯಿಗಿಡುವುದನ್ನೂ ಆ ಮಗು ನೋಡಿರಲಿಲ್ಲ.

ಪಾತ್ರೆ ಬಗ್ಗಿಸಿ ತೋರಿಸಿದೆ. "ನೋಡು, ಇಷ್ಟೊಂದೈತೆ."

"ಹಂಗಾದ್ರೆ ನೀನು ತಿನ್ನು."

"ಆಮೇಲೆ ತಿಂತೀನಿ ಕಣಮ್ಮ."

ಅವಳು ತುಟಿ ಬಿಗಿದುಕೊಂಡಳು.

ತಾತ ಎದ್ದು ನಾಲ್ಕನೇ ತಟ್ಟೆ ತಂದು ತಮ್ಮ ಪಕ್ಕ ಇಟ್ಟರು. "ಕೂತ್ಕೊಳ್ಳೆ."

"ಅಯ್ಯೋ, ನಿಮ್ಮೆದುರಿಗಾ?"

"ನಾನೇನು ಹುಲಿನಾ? ಸಂಜೆಗೆ ಅಳಿಯ ಬರ್ತಾನೆ. ಮಕ್ಕಳು ಬೇಕೋ, ನಾಚ್ಕೆ ಬೇಕೋ, ನೀನೇ ನೋಡ್ಕೋ."

ಕೂತೆ. ಮುದ್ದೆ ಅವರೇ ಹಾಕಿ, ಸಾರನ್ನೂ ಬಡಿಸಿದರು. ನಾನು ಗೋಡೆಯ ಕಡೆ ತಿರುಗಿ ಒಂದು ತುತ್ತು ನುಂಗಿದೆ. ಚಿಕ್ಕವಳು ಗೋಡೆಯ ಕಡೆಗೇ ಬಂದು ಕೂತಳು.

"ನುಂಗಿದ್ಯಾ? ಆ ಮಾಡು."

ಬಾಯಿ ತೆರೆದು ತೋರಿಸಿದೆ. ಆಮೇಲೆ ಅವಳು ಉಂಡದ್ದನ್ನು ನೋಡಬೇಕಿತ್ತು! ಅಷ್ಟರಲ್ಲಿ ನಮ್ಮ ಮನೆಯ ಹಿಂಭಾಗದ ಬಾಡಿಗೆ ರೂಮಿನಲ್ಲಿದ್ದ ರಾಯಚೂರು ಕಡೆಯ ಹೆಂಗಸು ಬೆಂಕಿಪೊಟ್ಟಣ ಕೇಳಿಕೊಂಡು ಬಂದಳು. ನಮ್ಮನ್ನು ಕಂಡು ಹೊಸ್ತಿಲಲ್ಲೇ ನಿಂತಳು.

"ಯವ್ವಾ! ಹೊಸಾ ಮದುಮಕ್ಕಳು ಕುಂತಂಗ ಕುಂತೀರಲ್ರೀ!"

ನನಗೆ ನೆತ್ತಿಗೇರಿ ಕೆಮ್ಮು ಬಂತು. ತಾತ ನೀರಿನ ಲೋಟ ಮುಂದಕ್ಕೆ ತಳ್ಳಿದರು.

ಸಂಜೆ ನಿಮ್ಮಪ್ಪ ನೆನೆದುಕೊಂಡು ಬಂದು, "ತಿಂತಿದ್ದಾಳಾ ಅತ್ತೆ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ತಾತ, "ಅವ್ಳೂ ತಿಂದ್ಲು, ನಿಮ್ಮತ್ತೇನೂ ತಿಂದ್ಲು," ಎಂದರು. ಏನೂ ಅರ್ಥವಾಗದೆ ನಿಮ್ಮಪ್ಪ ಕಾಫಿ ಕುಡಿದು ಒಬ್ಬರೇ ರೈಲಿಗೆ ಹೊರಟರು. ನೀವು ವಾರ ಪೂರ್ತಿ ಉಳಿದಿರಿ. ಮುಂದಿನ ದಸರೆಗೂ ಬಂದಿರಿ, ಅದರ ಮುಂದಿನದಕ್ಕೂ.

ನಿಮಗೆ ಗೊತ್ತಿಲ್ಲದ್ದು ಇನ್ನು ಮುಂದಿನದು. ನೀವು ಹೋದ ಮಾರನೆಯ ದಿನ ತಾತನಿಗೆ ಬಡಿಸಿ, ಎಂದಿನಂತೆ ಪಕ್ಕದಲ್ಲಿ ನಿಂತೆ. ಅವರು ಕೈ ಹಚ್ಚಲಿಲ್ಲ. "ಇನ್ನೊಂದು ತಟ್ಟೆ ಎಲ್ಲಿ?" ಎಂದರು. ಅಂದಿನಿಂದ ಅವರು ಹಾಸಿಗೆ ಹಿಡಿಯುವವರೆಗೂ ನಾವಿಬ್ಬರೂ ಜೊತೆಯಲ್ಲೇ ಉಂಡೆವು. ಅವರಿಗೆ ನುಗ್ಗೆಕಾಯಿ ಸೇರುವುದಿಲ್ಲವೆಂದು ನನಗೆ ಗೊತ್ತಾದದ್ದು ಆಗ. ಮೊದಲು ಸುಮ್ಮನೆ ನುಂಗಿಬಿಡುತ್ತಿದ್ದರಂತೆ. ಮುದ್ದೆ ಪಾತ್ರೆಯ ತಳದ ಗರಿಗರಿ ಪದರ ನನಗಿಷ್ಟವೆಂದು ಅವರಿಗೂ ಆಗಲೇ ಗೊತ್ತಾಯಿತು. ಅದನ್ನು ಕೆರೆದು ನನ್ನ ತಟ್ಟೆಗೆ ಹಾಕದೆ ಏಳುತ್ತಿರಲಿಲ್ಲ.

ಅವರಿಲ್ಲದ ಮೇಲೂ ನಾನು ಹೊತ್ತಿಗೆ ಸರಿಯಾಗಿ, ನಡುಮನೆಯಲ್ಲೇ ಕೂತು ಉಣ್ಣುತ್ತೇನೆ. ಹಸಿದ ಹೊಟ್ಟೆಯಲ್ಲಿ ನನಗೆಂದು ಅನ್ನ ಬಿಟ್ಟ ಚಿಕ್ಕಮ್ಮಣ್ಣಿ, ಗುಟ್ಟು ಬಿಟ್ಟುಕೊಟ್ಟ ದೊಡ್ಡಮ್ಮಣ್ಣಿ, ಅಷ್ಟು ವರ್ಷ ಊಟಕ್ಕೊಂದು ಜೊತೆ ನನಗೆ ಸಿಕ್ಕಿದ್ದು ನಿಮ್ಮಿಂದ. ಎದುರಿಗೆ ಹೇಳಲಾಗದೆ ಇಲ್ಲಿ ಬರೆದಿದ್ದೇನೆ. ಈ ಹಾಳೆಗಳನ್ನು ಮಳೆ ಸೋರದ ಕಡೆ ಜೋಪಾನವಾಗಿಡಿ. ಅಡುಗೆಮನೆಯ ಕಪಾಟಿನಲ್ಲಾದರೆ ನನಗೆ ಇನ್ನೂ ಸಂತೋಷ.