ಬಿಸಿಯಾದ ಹನ್ನೊಂದು ಸೀಸೆಗಳು

ನಾನು ಶಾಲೆ ಬಿಟ್ಟದ್ದು ೧೯೯೧ರಲ್ಲಿ, ಎಂಟನೆಯ ತರಗತಿಯ ಅರ್ಧಕ್ಕೆ. ಆಮೇಲೆ ಕಲಿತದ್ದೆಲ್ಲ ಕೈಯಿಂದ. ಸದ್ದು ಕೇಳಿಯೇ ಫ್ರಿಜ್ಜಿನ ಕಾಯಿಲೆ ಹೇಳಬಲ್ಲೆ. ಮೊನ್ನೆ ಕಾಪುವಿನ ಒಂದು ಮನೆಯಲ್ಲಿ ಫ್ರಿಜ್ ಬಿಚ್ಚಲು ಹೋದಾಗ ಅದರ ಬಾಗಿಲಿನಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಮದ್ದಿನ ಸೀಸೆ ಕಂಡಿತು. "ಮೊದಲು ಇದನ್ನು ಪಕ್ಕದ ಮನೆಯ ಫ್ರಿಜ್ಜಿನಲ್ಲಿ ಇಟ್ಟು ಬನ್ನಿ" ಎಂದೆ. ಹೇಳುವಾಗ ಹಳೆಯದೊಂದು ನೆನಪಾಯಿತು…

ಹಿಂದೆ ಮಣಿಪಾಲದ ಒಂದು ಲ್ಯಾಬಿನಲ್ಲಿ ಸಂಶೋಧನೆ ಮಾಡುವ ಒಬ್ಬರು ಮೇಡಂ ಇದ್ದರು. ದಿನಾ ಕಾರ್ಕಳದಿಂದ ಬಸ್ಸಿನಲ್ಲಿ ಬರುವವರು, ನನ್ನ ತಂಗಿಯ ಪ್ರಾಯ. ನೀರಿನಲ್ಲಿ ಸುಲಭದಲ್ಲಿ ಕರಗದ ಒಂದು ಮದ್ದನ್ನು ಅವರು ಬೇಗ ಕರಗುವಂಥ ಹರಳಾಗಿ ಮಾಡಿದ್ದರು. ನಾಲ್ಕು ವರ್ಷದ ದುಡಿಮೆ, ಹನ್ನೊಂದು ಸೀಸೆ. ಅವನ್ನು ತಣ್ಣಗೆ ಇಡುವ ಕಪಾಟು ನನ್ನ ಉಸ್ತುವಾರಿಯಲ್ಲಿತ್ತು. ಹೋದಾಗಲೆಲ್ಲ ಚಾ ತರಿಸಿ, "ಅಣ್ಣಾ, ನನ್ನ ಮಕ್ಕಳು ಹುಷಾರಾ?" ಎಂದು ಕಪಾಟು ತೋರಿಸಿ ನಗುತ್ತಿದ್ದರು.

ಒಂದು ಮೇ ತಿಂಗಳಲ್ಲಿ ಅದರೊಳಗೆ ಮಂಜು ಗಡ್ಡೆ ಕಟ್ಟಿತು.

"ಸೀಸೆ ಎಲ್ಲ ತೆಗೀಲಿಕ್ಕೆ ಉಂಟಾ ಅಣ್ಣಾ?"

"ಎಂತಕ್ಕೆ ಮೇಡಂ? ಇಪ್ಪತ್ತು ವರ್ಷದ ಕೈ ಇದು. ನೀವು ಊಟ ಮಾಡಿ ಬನ್ನಿ."

ಮಂಜು ತಾನಾಗಿ ಕರಗಲು ಗಂಟೆಗಟ್ಟಲೆ ಬೇಕು. ನಮ್ಮ ಕಸುಬಿನವರು ಕಾಯುವುದಿಲ್ಲ, ಬಿಸಿಗಾಳಿ ಹಿಡಿಯುತ್ತೇವೆ. ನಾನೂ ಹಿಡಿದೆ. ಮುಗಿಸಿ ಸೀಸೆ ಮುಟ್ಟಿದರೆ ಸುಡುತ್ತಿತ್ತು. ಒಳಗೆ ಮಾತ್ರ ಅದೇ ಬಿಳಿ ಪುಡಿ, ಕರಗಿರಲಿಲ್ಲ. ಕಪಾಟು ಚಾಲೂ ಮಾಡಿದೆ. ಅವರು ಬರುವಾಗ ಎಲ್ಲ ತಣ್ಣಗಾಗಿತ್ತು. ತಣ್ಣಗಾದ ಮೇಲೆ ಇನ್ನೆಂತ ಎಂದುಕೊಂಡೆ.

ಎರಡು ತಿಂಗಳ ನಂತರ ಕರೆಸಿದರು. ಕಣ್ಣು ಊದಿಕೊಂಡಿತ್ತು. ಸೀಸೆಯ ಮದ್ದು ಈಗ ನೀರಿನಲ್ಲಿ ಕರಗುತ್ತಿರಲಿಲ್ಲ. ಮೊದಲಿನ ಫಲಿತಾಂಶವೇ ಸುಳ್ಳು ಎಂದು ಗೈಡ್ ಹೇಳಿದ್ದರಂತೆ. ಪುನಃ ಮಾಡಲು ಹೋದರೆ ಆ ಹರಳು ಬರುತ್ತಲೇ ಇಲ್ಲ. ಬೇರೊಂದು ಮದ್ದಿನ ಹರಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಬಿಸಿ ಮಾಡಿ ನನಗೆ ತೋರಿಸಿದರು. ಗಾಜಿನ ಕಡ್ಡಿಯಂಥದ್ದು… ಒಂದು ತುದಿಯಿಂದ ಮಬ್ಬು ಎದ್ದು ಇನ್ನೊಂದು ತುದಿಯವರೆಗೆ ಹರಿಯಿತು.

"ನೋಡಿ ಅಣ್ಣಾ, ಬಿಸಿಗೆ ಕರಗಿ ನೀರಾಗುವುದಿಲ್ಲ. ಒಳಗೆ ಅಣುಗಳು ಕೂತ ರೀತಿ ಬದಲಾಗ್ತದೆ. ಆಮೇಲೆ ಎಷ್ಟು ತಣ್ಣಗೆ ಮಾಡಿದ್ರೂ ಹಿಂದೆ ಬರುವುದಿಲ್ಲ. ಹಾಗೆ ಬದಲಾದ ಪುಡಿಯ ಒಂದು ಕಣ ಲ್ಯಾಬಿನಲ್ಲಿ ಉಳಿದ್ರೂ ಸಾಕು, ಹೊಸದಾಗಿ ಮಾಡಿದ್ದೂ ಹಾಗೇ ಆಗ್ತದೆ. ನಮ್ಮ ಕಪಾಟು ಯಾವತ್ತಾದ್ರೂ ಬಿಸಿ ಆಗಿತ್ತಾ? ಆಗಿದ್ರೆ ಹೇಳಿ, ನಾನು ಬೈಯುವುದಿಲ್ಲ. ನನ್ನ ಕೆಲಸ ಸರಿ ಇತ್ತು ಅಂತ ಗೊತ್ತಾದ್ರೆ ಸಾಕು."

"ನಾನು ನೋಡಿಕೊಳ್ಳುವ ಕಪಾಟು ಬಿಸಿ ಆಗ್ತದಾ ಮೇಡಂ?" ಎಂದೆ.

ನಂಬಿದರು. ಆ ಮಳೆಗಾಲ ಮುಗಿಯುವ ಮೊದಲೇ ಸಂಶೋಧನೆ ಬಿಟ್ಟರು.

ವರ್ಷ ಕಳೆದು, ಹೇಳಿಯೇ ಬಿಡುವುದೆಂದು ಕಾರ್ಕಳದ ಅವರ ಮನೆ ಹುಡುಕಿ ಹೋದೆ. ತಾಯಿ ಒಬ್ಬರೇ ಇದ್ದರು.

"ಮಗಳು ಊರು ಬಿಟ್ಟು ಹೋಗಿದ್ದಾಳೆ. ಎಲ್ಲಿ ಅಂತ ಯಾರಿಗೂ ಹೇಳಬೇಡಿ ಅಂದಿದ್ದಾಳೆ. ಬರೆದದ್ದೆಲ್ಲ ಬಚ್ಚಲ ಒಲೆಗೆ ಹಾಕಿದಳು. ನನಗೇ ತಲೆ ಇಲ್ಲ ಅಮ್ಮಾ ಅಂತ ಕೂಗುತ್ತಿದ್ದಳು. ನೀವು ಬಂದ ವಿಷಯ ಎಂತ?"

"ಫ್ರಿಜ್ ರಿಪೇರಿ ಏನಾದರೂ ಉಂಟಾ ಅಂತ…"

"ಇಲ್ಲ ಮಾರಾಯ್ರೇ."

ಅವರು ಕೊಟ್ಟ ನೀರು ಕುಡಿದು ಬಂದೆ.

ಈಗ ನನಗೆ ಅಂಬಲಪಾಡಿಯಲ್ಲಿ ಒಂದು ಅಂಗಡಿ ಇದೆ. ಇನ್ನಂಜೆಯಲ್ಲಿ ಮನೆ, ಎರಡು ವ್ಯಾನು, ನಾಲ್ಕು ಜನ ಕೆಲಸದವರು. ಆ ಮೇಡಂಗೆ ಹೇಳದೆ ಉಳಿದ ಮಾತು ಒಂದು.